ಚಪ್ಪರದಡಿಯ ಪಾರ್ಕಿಂಗ್

ಪಾರ್ಕಿಂಗ್ ಕಟ್ಟಡದಲ್ಲಿ ಕಾರು ನಿಲ್ಲಿಸುತ್ತಿದ್ದ ತಾರಸಿಯ ಮೇಲೆ ಮಣ್ಣು ಸುರಿದು ತೋಟ ಮಾಡಿದಾಗಿನಿಂದ ಕಾವಲುಗಾರ ಮುಖ ಗಂಟಿಕ್ಕಿಕೊಂಡೇ ಓಡಾಡುತ್ತಿದ್ದ. ಹದಿನೆಂಟು ವರ್ಷ ಸೀಟಿ ಊದಿ ಕಾರುಗಳನ್ನು ಗೆರೆಯೊಳಗೆ ಕೂರಿಸಿದವನ ಕೈಗೆ ಈಗ ನೀರಿನ ಪೈಪು ಕೊಟ್ಟಿದ್ದರು. "ಬಾ ಅಂದ್ರೆ ಬರಲ್ಲ, ಹೋಗು ಅಂದ್ರೆ ಹೋಗಲ್ಲ, ಈ ಗಿಡಗಳಿಗೆ ನಾನ್ಯಾಕೆ?" ಎಂದು ಗೊಣಗುತ್ತಿದ್ದ.

ಒಂದು ಮಧ್ಯಾಹ್ನ ಎದುರು ಕಟ್ಟಡದ ಅಜ್ಜಿಯನ್ನು ಸೊಸೆ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು.

"ಈ ಗಿಡ ಬರೋಕೆ ಮುಂಚೆ ತಾರಸಿ ಕಾವಿಗೆ ನಮ್ಮನೆ ಕಿಟಕಿ ತೆಗೆಯೋ ಹಾಗೇ ಇರ್ಲಿಲ್ಲ," ಎಂದರು ಅಜ್ಜಿ.

ಬಳ್ಳಿಯ ಚಪ್ಪರದಡಿ ಕುರ್ಚಿ ತಿರುಗಿಸಲು ಸೊಸೆ ತಿಣುಕುತ್ತಿದ್ದಳು. ಕಾವಲುಗಾರನ ಕೈ ತಾನಾಗಿಯೇ ಮೇಲೆದ್ದಿತು.

"ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ... ಸಾಕು."

"ಎಷ್ಟು ಹೊತ್ತು ನಿಲ್ಲಿಸ್ಬಹುದಪ್ಪಾ ಇಲ್ಲಿ?" ಅಜ್ಜಿ ಕೇಳಿದರು.

"ನೀವು ಕೂತಿರಿ ಅಜ್ಜಿ. ನೆರಳು ಸರಿದ್ರೆ ನಾನೇ ಬಂದು ಹಿಂದಕ್ಕೆ ತಗೋತೀನಿ."