ಕೈ ತಿರುವದ ಉಚ್ಚಂಗಮ್ಮ

ಶ್ರೀರಾಂಪುರದ ಉಚ್ಚಂಗಮ್ಮ ಬಡಿಸಲು ನಿಂತರೆ ಎಲೆಯಾಚೆ ಒಂದು ಹನಿ ಬಿದ್ದದ್ದನ್ನು ಕಂಡವರಿಲ್ಲ. ತುಪ್ಪವಿರಲಿ, ತಿಳಿಸಾರಿರಲಿ, ಹಬೆಯಾಡುವ ಪಾಯಸವಿರಲಿ, ಸೆರಗನ್ನು ಸೊಂಟಕ್ಕೆ ಬಿಗಿದು ಆಕೆ ಪಾತ್ರೆ ಎತ್ತಿಕೊಂಡಳೆಂದರೆ, ಧಾರೆಯು ಉಂಬವನ ಮನಸ್ಸನ್ನು ಮೊದಲೇ ಓದಿಕೊಂಡಂತೆ ಬೇಕಾದ ಕಡೆಗೇ ಇಳಿದು, ಅವನು ಸಾಕೆಂದು ಕೈ ಅಡ್ಡ ಹಿಡಿಯುವ ಮೊದಲೇ ನಿಂತುಬಿಡುತ್ತಿತ್ತು. ಆದರೆ ಆಕೆ ಹೆಸರಾದದ್ದು ಈ ಕೌಶಲಕ್ಕಿಂತ ಹೆಚ್ಚಾಗಿ ಅದರ ಹಿಂದಿದ್ದ ಒಂದು ವ್ರತಕ್ಕೆ. ಆಕೆ ಎಂದೂ ಕೈ ತಿರುವಿ ಸುರಿಯುತ್ತಿರಲಿಲ್ಲ. ಅಂಗೈ ಮೇಲಾಗುವಂತೆ ಮಣಿಕಟ್ಟನ್ನು ಹೊರಕ್ಕೆ ಹೊರಳಿಸಿ ಸುರಿಯುವುದು ಸತ್ತವರಿಗೆ ಮಾತ್ರ, ಹೂತ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಡುವಾಗ ಮಾತ್ರ, ಬದುಕಿರುವವರಿಗೆ ಹಾಗೆ ಸುರಿದರೆ ಅವರ ಆಯುಸ್ಸಿಗೇ ಕೇಡು ಎಂದು ಅತ್ತೆ ಬರಗೇರಮ್ಮ ಕಲಿಸಿಹೋಗಿದ್ದಳು. ಈ ಮಾತನ್ನು ನಮ್ಮ ಕಡೆಯ ಎಲ್ಲ ಹೆಣ್ಣುಮಕ್ಕಳೂ ಕೇಳಿದವರೇ. ಕೇಳಿ, ಅವಸರದಲ್ಲಿ ಮರೆತು, ಆಮೇಲೆ ನಾಲಿಗೆ ಕಚ್ಚಿಕೊಂಡವರೇ. ಉಚ್ಚಂಗಮ್ಮ ಮಾತ್ರ ಮರೆತವಳಲ್ಲ. ಪಂಕ್ತಿ ಇಕ್ಕಟ್ಟಾಗಿದ್ದರೆ ತಾನೇ ಸುತ್ತುಬಳಸಿ ಆಚೆ ಬದಿಯಿಂದ ಬರುತ್ತಿದ್ದಳು, ಅಲ್ಲಿಯವರೆಗೆ ಉಂಬವರು ಕಾಯಬೇಕಾಗಿತ್ತು.

ಎತ್ತರದ ಹೆಂಗಸು. ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ನಡಿಗೆಯೋ, ನಾಲ್ಕು ಹೆಜ್ಜೆ ಇಟ್ಟು, ಏನೋ ನೆನಪಾದವಳಂತೆ ನಿಂತು, ಹಿಂದಿರುಗಿ ನೋಡಿ ಮತ್ತೆ ಹೊರಡುವ ನಡಿಗೆ. ಬಾಲ್ಯವನ್ನೆಲ್ಲ ಕುರಿಗಳ ಜೊತೆ ಕಳೆದವರಿಗೆ ಹಿಂದುಳಿದ ಮರಿಯ ಚಿಂತೆ ಕಾಲಿಗೇ ಅಂಟಿಕೊಂಡಿರುತ್ತದೆ. ಮಾತು ಶುರುವಾಗುತ್ತಿದ್ದುದೇ ‘ಅಲ್ಲ’ ಎಂಬಲ್ಲಿಂದ. ಅದು ನಿಷೇಧವಲ್ಲ, ಯೋಚನೆ; ಹೊಸಬರು ಮಾತ್ರ ತಾವೇನು ತಪ್ಪಾಡಿದೆವೋ ಎಂದು ತಬ್ಬಿಬ್ಬಾಗುತ್ತಿದ್ದರು.

ಗಂಡ ಚಿತ್ರಲಿಂಗಪ್ಪ ಇದಕ್ಕೆಲ್ಲ ತದ್ವಿರುದ್ಧ. ಶಕುನ, ರಾಹುಕಾಲ, ಹಲ್ಲಿಯ ಲೊಚಗುಟ್ಟುವಿಕೆ, ಯಾವುದಕ್ಕೂ ಸೊಪ್ಪು ಹಾಕಿದವನಲ್ಲ. ಬೆಕ್ಕು ಅಡ್ಡ ಬಂದರೆ ಕೇಡು ಬೆಕ್ಕಿಗೇ ಎನ್ನುವ ಪೈಕಿ. ಕುರಿಗಳನ್ನು ಕಡಿಮೆ ಮಾಡಿ ತೆಂಗು ಹಾಕಿದ ಮೇಲೆ, ಮರಗಳ ನಡುವೆ ಆಳೆತ್ತರ ಏಳುತ್ತಿದ್ದ ಹುಲ್ಲಿನ ಕಾಟಕ್ಕೆಂದು ಅವನು ಬೆನ್ನಿಗೆ ಹೊರುವ ಕಳೆ ಕತ್ತರಿಸುವ ಮಿಷನ್ನು ತಂದ. ತಂದದ್ದೇನೋ ಸರಿ. ಆದರೆ ಅವನ ಮಂಡಿ ಹೋಗಿತ್ತು. ಕೂತರೆ ಏಳಲಾರ, ಬಗ್ಗಿದರೆ ನೆಟ್ಟಗಾಗಲಾರ. ಹಾಗಾಗಿ ಬೆಳಿಗ್ಗೆ ಒಮ್ಮೆ ಹೊತ್ತ ಯಂತ್ರವನ್ನು ಊಟದ ಹೊತ್ತಿನವರೆಗೆ ಇಳಿಸುವುದಿಲ್ಲವೆಂದು ಹಟ ಹಿಡಿದ. ಪೆಟ್ರೋಲು ಮುಗಿದರೆ ನಿಂತಲ್ಲೇ ನಿಲ್ಲುವುದು. ಹೆಂಡತಿ ಹಿಂದಿನಿಂದ ಬಂದು, ಎಡಗೈಯಲ್ಲಿ ಆಲಿಕೆ ಹಿಡಿದು, ಬಲಗೈಯಲ್ಲಿ ಸುರಿದು, ಹಗ್ಗ ಜಗ್ಗಿ ಚಾಲು ಮಾಡುವುದು. ಅವಸರಗಾರನ ಏರ್ಪಾಡು ಯಾವಾಗಲೂ ಹೀಗೆಯೇ, ಕಷ್ಟವೆಲ್ಲ ಪಕ್ಕದವರ ಪಾಲಿಗೆ.

ಮೊದಲ ದಿನವೇ ಚೆಲ್ಲಿತು. ಹೌದು, ಉಚ್ಚಂಗಮ್ಮನ ಕೈಯಲ್ಲಿ ಚೆಲ್ಲಿತು! ಚಪ್ಪಟೆ ಕ್ಯಾನು, ಅದರ ಒಂದು ಮೂಲೆಗೆ ಬಾಯಿ. ಬಾಗಿಸಿದೊಡನೆ ಗುಳುಗುಳು ಎಂದು ಉಸಿರುಗಟ್ಟಿದಂತೆ ತಡೆತಡೆದು ಉಗುಳಿ, ಆಲಿಕೆ ತುಂಬಿ ಹರಿದು, ಗಂಡನ ಅಂಗಿಯ ಬೆನ್ನನ್ನೆಲ್ಲ ತೋಯಿಸಿ, ಒಂದಿಷ್ಟು ಕಾದ ಸೈಲೆನ್ಸರಿಗೂ ಬಿದ್ದು ಚುಯ್ಯೆಂದಿತು. ಬೆಂಕಿ ಹತ್ತಲಿಲ್ಲ, ಪುಣ್ಯ. ಹತ್ತಿದ್ದರೆ? ಬೆನ್ನಿಗೆ ಬಿಗಿದ ಪಟ್ಟಿ ಬಿಚ್ಚುವಷ್ಟರಲ್ಲಿ ಮನುಷ್ಯ ಉಳಿಯುತ್ತಿದ್ದನೇ? ಚಿತ್ರಲಿಂಗಪ್ಪ ನಕ್ಕು ಅಂಗಿ ಬದಲಿಸಿದ. ಉಚ್ಚಂಗಮ್ಮನಿಗೆ ಆ ಚುಯ್ಯೆಂಬ ಸದ್ದು ಕಿವಿ ಬಿಟ್ಟು ಹೋಗಲಿಲ್ಲ. ಮರುದಿನವೇ ಆಕೆ ಚೆಲ್ಲದ ಕ್ಯಾನು ಹುಡುಕಿಕೊಂಡು ಹೊಸದುರ್ಗದ ಬಸ್ಸು ಹತ್ತಿದಳು.

ಅಲ್ಲಿ ಕೃಷಿ ಸಾಮಾನಿನ ಅಂಗಡಿಯ ಗಂಗಾಧರಪ್ಪ ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟು ವಿಷಯ ಕೇಳಿ, ತಪ್ಪು ಕ್ಯಾನಿನದಲ್ಲ, ಹಿಡಿಯುವ ರೀತಿಯದು ಎಂದ. ಬಾಯಿ ಕೆಳಗಾದರೆ ಗಾಳಿಗೆ ದಾರಿಯಿಲ್ಲ, ಅದಕ್ಕೇ ಗುಳುಗುಟ್ಟುತ್ತದೆ. ನೀರು ತುಂಬಿದ ಕ್ಯಾನನ್ನು ಬಾಯಿ ಮೇಲಂಚಿಗೆ ಬರುವಂತೆ ಹಿಡಿದು ಬಾಗಿಸಿ ತೋರಿಸಿದ.

“ಹಿಂಗೆ ಹಿಡ್ಕಳ್ರಿ ಅಕ್ಕಾ. ನೋಡ್ರಿ, ತುಪ್ಪದಂಗೆ ಇಳೀತೈತೆ.”

ನಿಜವಾಗಿಯೂ ತುಪ್ಪದಂತೆಯೇ ಇಳಿಯಿತು. ಎಳೆ ಮುರಿಯಲಿಲ್ಲ, ಹನಿ ಸಿಡಿಯಲಿಲ್ಲ. ಉಚ್ಚಂಗಮ್ಮ ಕಣ್ಣರಳಿಸಿ ಧಾರೆಯನ್ನು ನೋಡಿದಳು, ಆಮೇಲೆ ಗಂಗಾಧರಪ್ಪನ ಕೈ ನೋಡಿದಳು. ಅಂಗೈ ಮೇಲಾಗಿತ್ತು.

“ಅಲ್ಲ ಕಣಣ್ಣ,” ಎಂದಳು, “ಇದು ಗುಡ್ಡೆ ಮೇಲೆ ಬಿಡೋ ಕೈ.”

ಅಲ್ಲಿಂದ ಶುರುವಾಯಿತು ನೋಡಿ ಆಕೆಯ ಗೊಂದಲ. ನೆಟ್ಟಗೆ ಸುರಿದರೆ ಗಂಡ ಸುಡುವ ಭಯ, ತಿರುವಿ ಸುರಿದರೆ ಗಂಡನ ಆಯುಸ್ಸಿನ ಭಯ. ಅತ್ತ ದರಿ, ಇತ್ತ ಪುಲಿ. ಆಚೆ ಬದಿಯಿಂದ ಸುರಿಯೋಣವೆಂದರೆ ಟ್ಯಾಂಕಿನ ಬಾಯಿ ಇದ್ದದ್ದೇ ಒಂದು ಮಗ್ಗುಲಿಗೆ. ಎಡಗೈಯ ಮಾತಂತೂ ಎತ್ತುವ ಹಾಗೇ ಇಲ್ಲ. ಗಂಗಾಧರಪ್ಪ ಸೋಲದೆ ಉದ್ದ ಮೂತಿಯ ತಗಡಿನ ಡಬ್ಬ ಕೊಟ್ಟ. ಅದು ಚೆನ್ನಾಗಿ ಸುರಿಯಿತು, ಆದರೆ ನಿಲ್ಲಿಸಿದ ಮೇಲೂ ಮೂತಿಯಿಂದ ತೊಟ್ಟಿಕ್ಕುತ್ತಲೇ ಇತ್ತು, ತೊಟ್ಟಿಕ್ಕಿದ್ದು ಸೈಲೆನ್ಸರಿಗೇ. ಇನ್ನೊಂದಕ್ಕೆ ಸ್ಪ್ರಿಂಗಿನ ಮೂತಿ, ಟ್ಯಾಂಕಿಗೆ ಒತ್ತಿದರಷ್ಟೇ ಸುರಿಯುವಂಥದು. ಆಕೆ ಒತ್ತಿದಳು, ಮಂಡಿ ಹೋದ ಗಂಡ ಮುಗ್ಗರಿಸಿ ತೆಂಗಿನ ಮರ ತಬ್ಬಿಕೊಂಡ. ಮತ್ತೊಂದಕ್ಕೆ ಗಾಳಿಗೆಂದು ಬೇರೆಯೇ ಪುಟ್ಟ ತೂತಿತ್ತು. ಇದೇ ಸೈ ಎಂದು ಆಕೆ ಹಿಗ್ಗಿದಳು. ಬಿಸಿಲಿಗೆ ಉಬ್ಬಿದ ಕ್ಯಾನಿನ ಆ ತೂತನ್ನು ಬಿಚ್ಚಿದೊಡನೆ ಪೆಟ್ರೋಲು ಪಿಚಕಾರಿಯಂತೆ ಚಿಮ್ಮಿ ಆಕೆಯ ಹಿಗ್ಗನ್ನೂ ಅಂಗಿಯನ್ನೂ ತೋಯಿಸಿತು.

ಕುರಿಹಟ್ಟಿಯ ಗೋಡೆಗೆ ಕ್ಯಾನುಗಳ ಸಾಲು ಬೆಳೆಯಿತು. ಹೊಳಲ್ಕೆರೆಗೆ ಹೋದವರನ್ನು, ಹಿರಿಯೂರಿಂದ ಬಂದವರನ್ನು ತಡೆದು ಆಕೆ ಕ್ಯಾನಿನ ಸಮಾಚಾರ ಕೇಳುವಳು. ಒಬ್ಬೊಬ್ಬರದು ಒಂದೊಂದು ಸಲಹೆ. ಎಲ್ಲವೂ ಸರಿಯೆನ್ನಿಸಿ, ಯಾವುದೂ ಸರಿಯಾಗದೆ, ರಾತ್ರಿ ಚೊಂಬಿನಲ್ಲಿ ನೀರು ಹಿಡಿದು ತನ್ನ ಮಣಿಕಟ್ಟನ್ನೇ ಆ ಕಡೆ ಈ ಕಡೆ ಆಡಿಸುತ್ತ ಕೂತಿರುತ್ತಿದ್ದಳು. ಪಾಪ, ತಲೆ ಕೆಟ್ಟಿತೆಂದು ಕೇರಿಯವರು ಮರುಗಿದರು. ಚಿತ್ರಲಿಂಗಪ್ಪನಿಗೆ ಮಾತ್ರ ತಮಾಷೆ.

“ಪೆಟ್ರೋಲು ಕುಡಿಯಾದು ಮಿಷನ್ನು ಕಣೆ, ನಾನಲ್ಲ,” ಎಂದ ಒಂದು ದಿನ.

“ಅಲ್ಲ, ಮಿಷನ್ನು ಇರಾದು ಯಾರ ಬೆನ್ನ ಮೇಲೆ?” ಎಂದಳು. ಅವನು ಜೋರಾಗಿ ನಕ್ಕ.

ಮಳೆ ಬಿದ್ದು ಹುಲ್ಲು ಮತ್ತೆ ಸೊಂಟದ ಮಟ್ಟ ಬಂದಾಗ ಕೆಲಸ ನಿಲ್ಲಿಸುವಂತಿರಲಿಲ್ಲ. ಆ ಬೆಳಿಗ್ಗೆ ಚಿತ್ರಲಿಂಗಪ್ಪ ಪಟ್ಟಿಗೆ ತೋಳು ತೂರಿಸುವ ಮೊದಲೇ ಉಚ್ಚಂಗಮ್ಮ ಯಂತ್ರದ ಮುಂದೆ ಬೆನ್ನು ಕೊಟ್ಟು ಕುಕ್ಕರಿಸಿದಳು. ಇಷ್ಟು ದಿನ ತಡಕಾಡಿದ ಆ ತಲೆಗೆ ಕೊನೆಗೂ ಒಂದು ದಾರಿ ಹೊಳೆದಿತ್ತು.

“ನನ್ನ ಬೆನ್ನಿಗೆ ಏರ್ಸು. ನಾನು ಕತ್ತರಿಸ್ತೀನಿ, ನೀನು ಹುಯ್ಯಿ. ನಿನ್ನ ಕೈ ಹೆಂಗೆ ತಿರುಗಿದ್ರೂ ನನಗೇನೈತೆ? ಕೇಡಾದ್ರೆ ಅರಿಶಿನ ಕುಂಕುಮದಾಗೆ ಹೋಗ್ತೀನಿ.”

ಹೇಳಿದ್ದು ದುಃಖದಿಂದಲ್ಲ, ಲೆಕ್ಕ ಬಗೆಹರಿದವರ ನಿರಾಳದಿಂದ. ಗಂಡನ ಮೇಲೆ ಬಿದ್ದರೆ ಕೇಡಾಗುವಂಥದೇ ತನ್ನ ಮೇಲೆ ಬಿದ್ದರೆ ಮುತ್ತೈದೆಯ ಭಾಗ್ಯ. ಇಷ್ಟು ಸುಲಭದ ಸಂಗತಿ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಆಕೆಗೆ ನಾಚಿಕೆಯೂ ಆಗಿತ್ತು. ಚಿತ್ರಲಿಂಗಪ್ಪ ಹುಚ್ಚಿ ಎಂದು ಬೈದು, ಮಂಡಿಗೆ ಬಿಡುವು ಸಿಕ್ಕಿತಲ್ಲ ಎಂದು ಒಪ್ಪಿದ. ಆಕೆ ಎರಡು ಸಾಲು ತೆಂಗಿನ ನಡುವಿನ ಹುಲ್ಲನ್ನು ಗಂಡನಿಗಿಂತ ಚೆನ್ನಾಗಿಯೇ ಮಲಗಿಸಿದಳು. ಯಂತ್ರ ಕೆಮ್ಮಿ ನಿಂತಿತು. ಅವನು ಆ ಮೊದಲಿನ ಚಪ್ಪಟೆ ಕ್ಯಾನನ್ನೇ ತಂದು, ಎಡಗೈಯಲ್ಲಿ ಆಲಿಕೆ ಇಟ್ಟು, ಗಂಗಾಧರಪ್ಪ ತೋರಿಸಿದನೆಂದು ಹೆಂಡತಿ ನೂರು ಸಲ ಆಡಿ ತೋರಿಸಿದ್ದ ಹಾಗೆಯೇ ಹಿಡಿದ. ಎದುರಿಗೆ ಆಕೆಯ ಕತ್ತು. ಟವೆಲ್ಲಿನ ಕೆಳಗೆ ಬೆವರಿಗೆ ಅಂಟಿದ ನರೆಗೂದಲು, ಅದರಡಿ ತಾಳಿಯ ದಾರ. ಆಕೆ ಹಿಂದಿರುಗದೆ, ಕೊಂಚವೂ ಅಲುಗಾಡದೆ, ಅವನಿಗೆ ಅನುಕೂಲವಾಗಲೆಂದು ಒಂದಿಷ್ಟು ಬಾಗಿ ನಿಂತಿದ್ದಳು.

ಅವನ ಕೈ ಅರ್ಧ ತಿರುಗಿ ನಿಂತುಬಿಟ್ಟಿತು.

“ಯಾಕೆ, ಹುಯ್ಯಲ್ಲ?” ಎಂದಳು.

“ಇಳಿಸು.”

“ಅಲ್ಲ, ನಿನಗೆ ಇದರಾಗೆಲ್ಲ ನಂಬ್ಕೆ ಇಲ್ಲ ಅಂತಿದ್ದೆ?”

“ಈಗ್ಲೂ ಇಲ್ಲ. ಕೈ ತಿರುಗ್ಲಿಲ್ಲ, ಅಷ್ಟೆ. ಇಳಿಸು, ತಣ್ಣಗಾಗ್ಲಿ.”

ಅವನೇ ಪಟ್ಟಿ ಬಿಚ್ಚಿ ಯಂತ್ರವನ್ನು ನೆಲಕ್ಕಿಟ್ಟ. ಏಳುವಾಗಿನ ಫಜೀತಿಯನ್ನು ಬಲ್ಲವನೇ ಆದರೂ ಅದರ ಪಕ್ಕದಲ್ಲೇ ಕೂತ. ಸೈಲೆನ್ಸರು ಆರುವವರೆಗೂ ಇಬ್ಬರೂ ಎಲೆಯಡಿಕೆ ಹಾಕಿಕೊಂಡರು. ಆಮೇಲೆ ಆಲಿಕೆಯನ್ನು ಅವನು ಹಿಡಿದ, ಕ್ಯಾನನ್ನು ಆಕೆ ಬಾಯಿ ಮೇಲಂಚಿಗೆ ಬರುವಂತೆ ಎರಡೂ ಕೈಯಲ್ಲಿ ಎತ್ತಿ ಸುರಿದಳು. ಎರಡು ಕೈ ಕೂಡಿದ ಮೇಲೆ ತಿರುವುವ ಪ್ರಶ್ನೆಯೇ ಏಳಲಿಲ್ಲ. ಮರುದಿನದಿಂದ ಅವನು ಪ್ರತಿ ಸಲವೂ ಯಂತ್ರ ಇಳಿಸಿದ, ಪ್ರತಿ ಸಲವೂ ಹೆಂಡತಿಯ ಭುಜ ಹಿಡಿದು ನರಳುತ್ತ ಎದ್ದ.

ಇಂಥ ಹೆಂಗಸರನ್ನು ಮೂಢರೆಂದು ಕರೆಯುವುದು ನಮಗೆ ಬಹಳ ಸುಲಭ. ಅವರು ನೂರೆಂಟು ಕಟ್ಟಳೆಗಳಿಗೆ ಅಂಜುತ್ತಾರೆ; ಉಪ್ಪು ಕೈಯಿಂದ ಕೈಗೆ ಕೊಡಲಾರರು, ಹೊರಟವರನ್ನು ಹಿಂದಿನಿಂದ ಕೂಗಲಾರರು. ಆದರೆ ಆ ಅಂಜಿಕೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳಲ್ಲಿ ಒಂದಾದರೂ ತಮ್ಮ ಸಲುವಾಗಿ ಇಟ್ಟುಕೊಂಡದ್ದಲ್ಲ. ಕೇಡು ತಮ್ಮವರ ಕಡೆ ಮುಖ ಮಾಡಿದಾಗ ನಡುಗುವ ಇವರು, ಅದು ತಮ್ಮ ಕಡೆ ತಿರುಗಿದರೆ ಬೆನ್ನು ಬಾಗಿಸಿ ಕೊಟ್ಟು ನಿಲ್ಲುತ್ತಾರೆ. ಏನನ್ನೂ ನಂಬದ ನಮ್ಮಂಥವರು, ಆ ಬಾಗಿದ ಬೆನ್ನಿನ ಹಿಂದೆ ನಿಂತಾಗಷ್ಟೇ ನಮ್ಮ ಕೈ ಏತಕ್ಕೆ ಅಂಜುತ್ತದೆ ಎಂಬುದನ್ನು ಕಾಣುತ್ತೇವೆ.