ಗಾಜಿನ ಲೋಟದಲ್ಲಿ ಹುಟ್ಟಿದ ಹುಳ

ಮಹದೇವಪುರದ ದೊಡ್ಡಮುನಿಯಮ್ಮನ ಮನೆಗೆ ಹೋದವರು ಮಜ್ಜಿಗೆ ಕುಡಿಯದೆ ಎದ್ದು ಬರುವಂತಿರಲಿಲ್ಲ. ರಾಗಿ ಹೊಲವಿದ್ದ ಕಾಲದಲ್ಲಿ ಕಳೆ ಕೀಳಲು ಬಂದವರಿಗೆ ಕೊಡುತ್ತಿದ್ದ ಮಜ್ಜಿಗೆ ಅದು. ಈಗ ಹೊಲದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದಿದೆ, ಬಾಡಿಗೆಗೆ ಐದಾರು ಸಂಸಾರಗಳಿವೆ, ಮಜ್ಜಿಗೆ ಮಾತ್ರ ನಿಂತಿಲ್ಲ. ಕೊರಿಯರ್ ತಂದವನಿಗೂ ಒಂದು ಲೋಟ, ಮೀಟರ್ ನೋಡಲು ಬಂದವನಿಗೂ ಒಂದು ಲೋಟ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಆ ಮನೆಯವರ ಹೊಟ್ಟೆ ಕೆಟ್ಟಿತು. ಸೊಸೆ ರಮ್ಯಳಿಗೆ ಎರಡು ತಿಂಗಳಿಂದ ಏನು ತಿಂದರೂ ಹೊಟ್ಟೆ ಉಬ್ಬರ, ಹುಳಿತೇಗು, ದಿನಕ್ಕೆ ನಾಲ್ಕು ಸಲ ಬಾತ್‌ರೂಮು. ಅದನ್ನು ಹೇಗೋ ಸಹಿಸಿಕೊಂಡಿದ್ದಳು. ಆರು ವರ್ಷದ ಮಗಳು ತೇಜಶ್ರೀಗೂ ಅದೇ ಕಾಟ. ಮಗು ಕಣ್ಣೆದುರೇ ಸೊರಗುತ್ತಿತ್ತು. ಸ್ಕೂಲಿನ ಲಂಗ ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ದಿನಾ ಬೆಳಿಗ್ಗೆ ರಮ್ಯ ಅದಕ್ಕೆ ಪಿನ್ ಹಾಕಿ ಕಳಿಸುತ್ತಿದ್ದಳು.

ಹೀಗಿರುವಾಗ ಫೋನಿನಲ್ಲಿ ಒಂದು ವಿಡಿಯೊ ಕಂಡಿತು. ನಗುನಗುತ್ತಾ ಮಾತಾಡುವ ಒಬ್ಬಳು, "ನಿಮ್ಮ ಎಲ್ಲಾ ಕಾಯಿಲೆಗೂ ಹೊಟ್ಟೆಯೊಳಗಿನ ಹುಳಗಳೇ ಕಾರಣ. ಇಪ್ಪತ್ತೊಂದು ದಿನ ಈ ಪುಡಿ ಕುಡಿಯಿರಿ, ಎಲ್ಲಾ ಹೊರಗೆ ಬರುತ್ತವೆ" ಎನ್ನುತ್ತಿದ್ದಳು. ಕೆಳಗೆ ಫೋಟೊಗಳು: ಗೇಣುದ್ದದ, ಹಗ್ಗದಂಥ, ನೋಡಿದರೆ ವಾಕರಿಕೆ ಬರುವ ವಸ್ತುಗಳು. ಒಂದು ವಿಡಿಯೊ ನೋಡಿದ್ದೇ ತಡ, ಅಂಥವೇ ಹತ್ತು ಬೆನ್ನು ಹತ್ತಿದವು. ಫೋನಿನ ಬುದ್ಧಿಯೇ ಅಂಥದ್ದು. ಮೂರನೇ ದಿನಕ್ಕೆ ಪುಡಿಯ ಡಬ್ಬಿ ಮನೆಗೆ ಬಂತು. ಸೋಮವಾರದಿಂದ ತನಗೆ ಒಂದು ಚಮಚ, ಮಗಳಿಗೆ ಅರ್ಧ ಚಮಚ ಎಂದು ರಮ್ಯ ತೀರ್ಮಾನ ಮಾಡಿಬಿಟ್ಟಳು.

ಶನಿವಾರ ಮಧ್ಯಾಹ್ನ ಆಶಾ ಕಾರ್ಯಕರ್ತೆ ಗಂಗಲಕ್ಷ್ಮಮ್ಮ ಬಂದರು. ಮೇಲಿನ ಮನೆಯ ಬಾಡಿಗೆಯವಳು ನಾಜಿಶ್, ತನ್ನ ಕೈಗೂಸಿನ ಲಸಿಕೆ ಕಾರ್ಡ್ ಹಿಡಿದುಕೊಂಡು ಕೆಳಗಿಳಿದು ಬಂದಿದ್ದಳು.

"ಏನ್ ರಮ್ಯ, ಇಷ್ಟೊಂದ್ ಇಳ್ದೋಗಿದೀಯ?"

"ಹೊಟ್ಟೇಲಿ ಹುಳ ಗಂಗಕ್ಕ. ಸೋಮವಾರದಿಂದ ಕ್ಲೀನ್ ಮಾಡ್ಕೊಳ್ತೀನಿ. ಪಾಪುಗೂ ಕೊಡ್ತೀನಿ."

"ಹುಳ ಅಂತ ಯಾವ ಡಾಕ್ಟ್ರು ಹೇಳಿದ್ರು?"

"ಡಾಕ್ಟ್ರು ಯಾಕೆ? ಫೋಟೊನೇ ಇದ್ಯಲ್ಲ, ನೋಡಿ ಬೇಕಾದ್ರೆ!"

ದೊಡ್ಡಮುನಿಯಮ್ಮನೂ ಸೊಸೆಯ ಪರ ನಿಂತಳು. "ನಮ್ ಕಾಲ್ದಾಗೆ ಅಳ್ಳೆಣ್ಣೆ ಕುಡಿಸ್ತಿದ್ರು, ಎಲ್ಲಾ ಕೊಚ್ಕೊಂಡ್ ಓಗ್ತಿತ್ತು. ಇದೂ ಅಂಗೇ ಬಿಡವ್ವ."

ಗಂಗಲಕ್ಷ್ಮಮ್ಮ ವಾದಕ್ಕೆ ಇಳಿಯಲಿಲ್ಲ. ಡಬ್ಬಿಯನ್ನು ಸುತ್ತಲೂ ತಿರುಗಿಸಿ ನೋಡಿದರು. "ಮಕ್ಕಳಿಗೆ ಎಷ್ಟು ಕೊಡ್ಬೇಕು ಅಂತ ಎಲ್ಲಿ ಬರ್ದಿದೆ, ತೋರ್ಸು."

ರಮ್ಯ ಹುಡುಕಿದಳು. ಎಲ್ಲೂ ಇರಲಿಲ್ಲ.

"ಸರಿ, ಒಂದು ಗಾಜಿನ ಲೋಟ ನೀರು ಕೊಡು."

ನೀರಿಗೆ ಎರಡು ಚಮಚ ಪುಡಿ ಹಾಕಿ ಕದಡಿ ಕಿಟಕಿಯಲ್ಲಿಟ್ಟರು. ಆಮೇಲೆ ಏನೂ ಆಗಿಲ್ಲವೆಂಬಂತೆ ನಾಜಿಶಳ ಮಗುವಿನ ಕಾರ್ಡ್ ತೆಗೆದು ಮುಂದಿನ ಲಸಿಕೆಯ ದಿನ ಬರೆದುಕೊಟ್ಟರು. ಹತ್ತು ನಿಮಿಷವಾಗಿರಬಹುದು. ಲೋಟಕ್ಕೆ ಚಮಚ ಹಾಕಿ ಎತ್ತಿದರೆ ಲೋಳೆಲೋಳೆಯಾಗಿ, ಮಣ್ಣಿನ ಬಣ್ಣದ ಹಗ್ಗವೊಂದು ಉದ್ದಕ್ಕೆ ಜೋತುಬಿತ್ತು. ಪಕ್ಕದಲ್ಲಿ ಫೋನಿನ ಫೋಟೊ ಹಿಡಿದು ತೋರಿಸಿದರು.

"ಯಾ ಅಲ್ಲಾ, ಥೇಟ್ ಅದೇ!" ಎಂದಳು ನಾಜಿಶ್. ದೊಡ್ಡಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಈ ಲೋಟಕ್ಕೆ ಹೊಟ್ಟೆ ಇದ್ಯಾ ರಮ್ಯ? ಹುಳ ಎಲ್ಲಿಂದ ಬಂತು? ಇದು ಇಸಬ್‌ಗೋಲ್ ಥರದ ಹೊಟ್ಟು, ಜೊತೆಗೆ ಜೇಡಿಮಣ್ಣಿನಂಥದ್ದೇನೋ. ಹೊಟ್ಟೆಗೆ ಹೋದ್ರೂ ಇದೇ ಅಂಟಂಟಾಗಿ ಹೊರಗೆ ಬರುತ್ತೆ. ಅದನ್ನೇ ಹುಳ ಅಂತ ಫೋಟೊ ಹಾಕಿದಾರೆ."

ರಮ್ಯಳಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಕಣ್ಣಲ್ಲಿ ನೀರು ತುಂಬಿತು. "ಹಾಗಾದ್ರೆ ನಮಗೇನೂ ಆಗಿಲ್ಲ ಅಂತೀರಾ? ನನ್ ಮಗಳು ಸುಮ್‌ಸುಮ್ನೆ ಸೊರಗ್ತಿದಾಳಾ?"

ಗಂಗಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡರು. "ಆಗಿದೆ ಕಣೇ. ಖಂಡಿತ ಏನೋ ಆಗಿದೆ. ಅದು ಏನು ಅಂತ ಗೊತ್ತಿಲ್ದೆ ಔಷಧಿ ಕೊಡಬೇಡ ಅಂತಷ್ಟೇ ನಾನು ಹೇಳ್ತಿರೋದು. ಮೊದಲೇ ಭೇದಿ ಆಗ್ತಿರೋ ಮಗು. ಈ ಪುಡಿ ಕೊಟ್ಟು ಇನ್ನಷ್ಟು ಭೇದಿ ಮಾಡಿಸಿದ್ರೆ ಮೈಯಲ್ಲಿರೋ ನೀರೆಲ್ಲಾ ಹೋಗಿ ಜೀವಕ್ಕೇ ಕುತ್ತು ಬರುತ್ತೆ. ಜಂತುಹುಳದ ಮಾತ್ರೆ ಸ್ಕೂಲಲ್ಲಿ ಕೊಟ್ಟಿದ್ರಲ್ಲ?"

"ಆಗಸ್ಟಲ್ಲೇ ಕೊಟ್ಟಿದ್ರು. ಇದು ಶುರುವಾಗಿದ್ದು ಆಮೇಲೆ."

"ಹಾಗಿದ್ರೆ ಬೇರೆ ಏನೋ ಇದೆ. ಸೋಮವಾರ ಇಬ್ರೂ ಆರೋಗ್ಯ ಕೇಂದ್ರಕ್ಕೆ ಬನ್ನಿ. ಮಲ ಪರೀಕ್ಷೆ ಮಾಡ್ಸೋಣ."

ಅಷ್ಟರಲ್ಲಿ ದೊಡ್ಡಮುನಿಯಮ್ಮ ಅಡುಗೆಮನೆಗೆ ಹೋಗಿ ಮೊಸರು ಕಡೆಯತೊಡಗಿದ್ದಳು. ಪಕ್ಕದಲ್ಲೇ ಕುಡಿಯುವ ನೀರಿನ ಕ್ಯಾನ್ ಇತ್ತು. ಅದನ್ನು ಬಿಟ್ಟು ಸಿಂಕಿನ ನಲ್ಲಿ ತಿರುಗಿಸಿ ಪಾತ್ರೆಗೆ ನೀರು ಹಿಡಿದಳು. ಗಂಗಲಕ್ಷ್ಮಮ್ಮ ಕೂತಲ್ಲಿಂದಲೇ ನೋಡಿದರು.

"ಅಜ್ಜಿ, ಕ್ಯಾನ್ ಇಟ್ಕೊಂಡು ನಲ್ಲಿ ನೀರ್ ಯಾಕೆ?"

"ಕ್ಯಾನು ಕುಡಿಯಾಕೆ. ಮಜ್ಜಿಗೆಗ್ಯಾಕವ್ವ ಕ್ಯಾನ್ ನೀರು? ಮೊಸ್ರಿನ ಉಳಿ ಎಲ್ಲಾನೂ ಸಾಯಿಸ್ಬುಡ್ತದೆ."

"ನಲ್ಲಿ ನೀರು ಎಲ್ಲಿಂದ ಬರೋದು?"

"ಸಂಪಿಂದ."

"ಆವತ್ತು ಮಳೇಲಿ ರಸ್ತೆ ನೀರು ಕಾಂಪೌಂಡ್ ಒಳಗೇ ನುಗ್ಗಿತ್ತಲ್ಲ. ಆಮೇಲೆ ಸಂಪ್ ತೊಳ್ಸಿದ್ರಾ?"

ರಮ್ಯಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಮೊಣಕಾಲುದ್ದ ಚರಂಡಿ ನೀರಿನಲ್ಲಿ ನೆಲದಡಿಯ ಸಂಪಿನ ಮುಚ್ಚಳವೇ ಮುಳುಗಿಹೋಗಿತ್ತು. ನೀರಿಳಿದ ಮೇಲೆ ಅಂಗಳಕ್ಕೆ ಫಿನಾಯಿಲ್ ಹಾಕಿ ತಿಕ್ಕಿದ್ದರು. ಹಿಂದಿನ ದಿನವಷ್ಟೇ ಟ್ಯಾಂಕರ್ ನೀರು ತುಂಬಿಸಿದ್ದರಿಂದ ಗಂಡ ವಸಂತ್, "ಮುಚ್ಚಳ ಟೈಟಾಗಿದೆ ಬಿಡು" ಎಂದಿದ್ದ. ಯಾರೂ ತೆರೆದು ನೋಡಿರಲಿಲ್ಲ.

ನಾಜಿಶ್ ಮೆಲ್ಲಗೆ ಹೇಳಿದಳು, "ಅಕ್ಕ, ನಮ್ಮ ದೊಡ್ಡವನಿಗೂ ಆವಾಗಿಂದ್ಲೇ ಹೊಟ್ಟೆ ಸರಿ ಇಲ್ಲ. ಅವನಿಗೆ ಅಜ್ಜಿ ಮಜ್ಜಿಗೆ ಅಂದ್ರೆ ಪ್ರಾಣ."

ದೊಡ್ಡಮುನಿಯಮ್ಮ ತಂದಿಟ್ಟ ಲೋಟವನ್ನು ಗಂಗಲಕ್ಷ್ಮಮ್ಮ ಮುಟ್ಟಲಿಲ್ಲ. ಆ ಮನೆಯಲ್ಲಿ ತುಂಬಿದ ಲೋಟ ಹಾಗೇ ಒಳಗೆ ವಾಪಸ್ ಹೋದದ್ದು ಅದೇ ಮೊದಲು. "ನನ್ ಕೈಯಾರೆ ಮಕ್ಳಿಗೆ ಇಂಥದ್ ಕುಡಿಸ್ಬುಟ್ನಾ?" ಎಂದು ಮುದುಕಿ ಮೂಲೆಯಲ್ಲಿ ಕೂತುಬಿಟ್ಟಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಯಿತು.

ಮರುದಿನವೇ ವಸಂತ್ ಸಂಪು ತೆರೆಸಿದ. ತಳದಲ್ಲಿ ಕಪ್ಪು ರಾಡಿ ನಿಂತಿತ್ತು, ಚರಂಡಿ ಕಡೆಯ ಗೋಡೆ ಬಿರುಕು ಬಿಟ್ಟಿತ್ತು. ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿ, ಬಿರುಕಿಗೆ ಸಿಮೆಂಟ್ ಮೆತ್ತಿಸಿದ. ಮಲ ಪರೀಕ್ಷೆಯಲ್ಲಿ ತಾಯಿ, ಮಗಳು ಇಬ್ಬರಿಗೂ ಕೊಳಕು ನೀರಿನಿಂದ ಬರುವ, ಬರಿಗಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ ಇರುವುದು ಗೊತ್ತಾಯಿತು. ಡಾಕ್ಟರು ಮಗುವಿನ ತೂಕ ನೋಡಿ ಔಷಧಿ ಬರೆದುಕೊಟ್ಟರು. ಕೆಲವೇ ದಿನದ ಔಷಧಿ. ನಾಜಿಶಳ ಮಗನಿಗೂ ಪರೀಕ್ಷೆಯಾಯಿತು. ಆ ಪುಡಿಯ ಡಬ್ಬಿ ಕಸದ ಗಾಡಿಗೆ ಹೋಯಿತು.

ಸಂಕ್ರಾಂತಿ ಕಳೆದ ಮೇಲೆ ಗಂಗಲಕ್ಷ್ಮಮ್ಮ ಮತ್ತೆ ಬಂದಾಗ ರಮ್ಯ ಬಾಗಿಲಲ್ಲೇ ಅವರ ಅಂಗೈಗೆ ಒಂದು ಪಿನ್ ಇಟ್ಟಳು.

"ಏನೇ ಇದು?"

"ಪಾಪು ಲಂಗದ ಪಿನ್ನು ಗಂಗಕ್ಕ. ಈಗ ಬೇಡ. ಲಂಗ ಸೊಂಟದಲ್ಲಿ ನಿಲ್ತಿದೆ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. "ಆ ಶನಿವಾರ ನೀವು ಬರ್ದೇ ಇದ್ದಿದ್ರೆ ನಾನೇ ಅವಳಿಗೆ ಕುಡಿಸಿರ್ತಿದ್ದೆ."

ಒಳಗಿಂದ ದೊಡ್ಡಮುನಿಯಮ್ಮ ಲೋಟ ಹಿಡಿದು ಬಂದಳು. "ಕುದ್ಸಿ ಆರ್ಸಿರೋ ನೀರು ಕಣವ್ವ, ಧೈರ್ಯವಾಗ್ ಕುಡಿ. ರುಚಿ ಒಂದ್ ಚೂರ್ ಕಮ್ಮಿ, ಓಗ್ಲಿ. ನನ್ ಮೊಮ್ಮಗಳ್ನ ಉಳಿಸ್ಕೊಟ್ಟೆ, ನಿನ್ ಒಟ್ಟೆ ತಣ್ಣಗಿರ್ಲಿ."

ಗಂಗಲಕ್ಷ್ಮಮ್ಮ ಗಟಗಟನೆ ಕುಡಿದು, ಇನ್ನೊಂದು ಲೋಟ ಕೇಳಿದರು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊಟ್ಟೆ ಕೆಟ್ಟರೆ ಫೋನನ್ನು ಕೇಳಬೇಡಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಪರೀಕ್ಷೆ ಮಾಡಿಸದೆ ಹುಳ ಶುದ್ಧಿಯ ಪುಡಿ, ಮಾತ್ರೆ ತೆಗೆದುಕೊಳ್ಳಬೇಡಿ. ಮಕ್ಕಳಿಗೆ, ಬಸುರಿಯರಿಗೆ ಕೊಡಲೇಬೇಡಿ. ಆದರೆ ಅಂಗನವಾಡಿ, ಶಾಲೆಯಲ್ಲಿ ಪುಕ್ಕಟೆ ಕೊಡುವ ಜಂತುಹುಳದ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ಭೇದಿ ನಿಲ್ಲದಿದ್ದರೆ, ರಕ್ತ ಬಿದ್ದರೆ, ತೂಕ ಇಳಿದರೆ ಒಂದು ದಿನವೂ ತಡ ಮಾಡಬೇಡಿ. ಮನೆಯ ಕಾಂಪೌಂಡಿನೊಳಗೆ ಮಳೆ ನೀರು ಬಂದಿತ್ತೇ? ಹಾಗಿದ್ದರೆ ಇವತ್ತೇ ಎದ್ದು ಹೋಗಿ ನಿಮ್ಮ ಸಂಪಿನ ಮುಚ್ಚಳ ತೆರೆದು ನೋಡಿ.