ಹರಿದಿದೆ ಎನ್ನಬಾರದ ಅಂಗಡಿ

ಆ ಅಂಗಡಿಯಲ್ಲಿ ಎರಡು ಮಾತು ಆಡುವ ಹಾಗಿರಲಿಲ್ಲ. ‘ಹರಿದಿದೆ’ ಅನ್ನಬಾರದು, ‘ಮುರಿದಿದೆ’ ಅನ್ನಬಾರದು. ಬ್ಯಾಗು, ಸೂಟ್‌ಕೇಸು, ಮಕ್ಕಳ ಶಾಲೆಯ ಚೀಲ ರಿಪೇರಿ ಮಾಡುವ ಜಾಗದಲ್ಲಿ ಈ ಎರಡು ಮಾತು ಬಿಟ್ಟು ದಿನ ದೂಡುವುದೆಂದರೆ, ಕೆರೆಗಿಳಿದು ಮೈ ಒದ್ದೆಯಾಗದೆ ಮೇಲೆ ಬಂದ ಹಾಗೆ. ಆದರೂ ದೂಡಿದ್ದರು. ಯಾರಾದರೂ ಬಾಯಿಬಿಟ್ಟ ಬ್ಯಾಗನ್ನು ತಂದು ಮೇಜಿನ ಮೇಲಿಟ್ಟರೆ, ಅಂಗಡಿ ಕಟ್ಟಿದ ಸೂಜಿಯಮ್ಮ ಅದರ ಬೆನ್ನು ಸವರಿ, “ಪಾಪ, ದಣಿದಿದೆ” ಅನ್ನುತ್ತಿದ್ದಳು. ಗಾಲಿ ಕಳಚಿದ ಸೂಟ್‌ಕೇಸಿಗೆ, “ನಡೆದೂ ನಡೆದೂ ಸುಸ್ತಾಗಿದೆ.” ಮುರಿದಿದೆ ಎಂದು ಬಾಯಿಬಿಟ್ಟು ಹೇಳಿದರೆ ಆ ಮಾತು ಅಂಗಡಿಯ ಮೂಲೆಯಲ್ಲಿ ಗೂಡು ಕಟ್ಟುತ್ತದೆ, ಮರಿ ಹಾಕುತ್ತದೆ, ಆಮೇಲೆ ಮನೆಯೊಳಗಿನದೂ ಒಂದೊಂದಾಗಿ ಮುರಿಯುತ್ತಾ ಬರುತ್ತದೆ ಎಂಬುದು ಅವಳ ನಂಬಿಕೆ. ಅಂಗಡಿಯ ಬಾಗಿಲು ತೆರೆದ ದಿನ ಅವಳೇ ಹಾಕಿದ ಕಟ್ಟಳೆ. ಸೊಸೆ ಬಂದಳು, ಅವಳೂ ಕಲಿತಳು.

ಸೊಸೆಗೆ ಹೆಸರಿರಲಿಲ್ಲ ಎಂದಲ್ಲ. ಮೈದುನ ಹೊತ್ತು ಗೊತ್ತಿಲ್ಲದೆ “ಅತ್ತಿಗೆ, ಅತ್ತಿಗೆ” ಎಂದು ಕೂಗಿ ಕೂಗಿ ಬೀದಿಗೆ ಬೀದಿಯೇ ಅವಳನ್ನು ಅತ್ತಿಗೆ ಮಾಡಿಕೊಂಡಿತ್ತು. ಎದುರುಗಡೆ ಹಣ್ಣು ಮಾರುವ ಹಲ್ಲಿಲ್ಲದ ಮುದುಕನಿಗೂ ಅವಳು ಅತ್ತಿಗೆಯೇ. ಗಂಡ ಲಾರಿ ಓಡಿಸುವವನು, ಬಂದಾಗ ಬಂದ, ಹೋದಾಗ ಹೋದ. ಅಂಗಡಿಗೆ ಇದ್ದವರು ಮೂವರು. ಹಳೆಯ ಹೊಲಿಗೆ ಬಿಚ್ಚುವುದಕ್ಕೆ ಸೂಜಿಯಮ್ಮ. ಗಿರಾಕಿಯನ್ನು ಮಾತಾಡಿಸುವುದಕ್ಕೆ, ಪಟ್ಟಿಗೆ ಜಿಪ್ಪಿಗೆ ನೇರ ಹೊಲಿಗೆ ಹಾಕುವುದಕ್ಕೆ ಅತ್ತಿಗೆ. ಉಳಿದದ್ದಕ್ಕೆಲ್ಲ ಮೈದುನ. ಆ ಉಳಿದದ್ದೇ ಅಂಗಡಿ. ಗಾಲಿ, ಹಿಡಿ, ಬೀಗ, ಒಳಗಿನ ಕಂಬಿ, ಎಲ್ಲ ಅವನದೇ. ಅವನ ಕೈಗೆ ಸಿಕ್ಕರೆ ಸತ್ತ ಸೂಟ್‌ಕೇಸೂ ಎದ್ದು ಓಡುತ್ತಿತ್ತು.

ಈಗ ಆ ಕೈಯೇ ಹೊರಟು ನಿಂತಿತ್ತು.

“ಗೋದಾಮಿನಲ್ಲಿ ಕೆಲಸ ಇದೆ ಅಂತಿದ್ದಾರೆ ಅತ್ತಿಗೆ,” ಎಂದಿದ್ದ ಮೈದುನ, ಖಾಲಿ ಮೇಜನ್ನು ಬಟ್ಟೆಯಿಂದ ಒರೆಸುತ್ತಾ. “ಈ ತಿಂಗಳು ನೋಡ್ತೀನಿ. ಕೆಲಸ ಬಂದ್ರೆ ಎಲ್ಲಿಗೂ ಹೋಗಲ್ಲ. ಹೀಗೇ ನೊಣ ಹೊಡೀತಾ ಕೂರೋದಾದ್ರೆ ಆ ಪುಣ್ಯ ನೀವೇ ಕಟ್ಕೊಳ್ಳಿ.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಹೇಗೋ ಇಳಿಸುತ್ತಿದ್ದಳು. ಅವನು ಸುಮ್ಮನೆ ಬೇಸತ್ತಿದ್ದ. ಅವನು ಹೋದರೆ ಅಂಗಡಿಗೆ ಬೀಗ ಎಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಅದಕ್ಕೇ ಇಬ್ಬರೂ ಆ ಮಾತನ್ನು ಮುಂದೆ ಬೆಳೆಸಲಿಲ್ಲ.

ಗಿರಾಕಿಗಳು ಎಲ್ಲಿ ಹೋದರು? ಹಣ್ಣಿನ ಮುದುಕನನ್ನು ಕೇಳಿದರೆ, “ಎಲ್ಲಿ ಹೋಗ್ತಾರೆ, ಎಲ್ಲಾ ಫೋನಿನೊಳಗೆ ಕೂತವರೆ. ನೀವೂ ಒಳಗೆ ಹೋಗಿ ಕರೀರಿ,” ಅಂದ. ಅತ್ತಿಗೆ ಹೋದಳು. ಯಾರ್‍ಯಾರನ್ನೋ ಕೇಳಿ, ಕಣ್ಣುರಿ ಬರಿಸಿಕೊಂಡು, ಇಂಟರ್ನೆಟ್ಟಿನಲ್ಲಿ ಅಂಗಡಿಗೊಂದು ಪುಟ ಮಾಡಿದಳು. ಏನು ಬರೆಯುವುದು? ಸೂಜಿಯಮ್ಮ ಹೇಳಿದಳು, ಅವಳು ಒತ್ತಿದಳು: “ನಿಮ್ಮ ಪಯಣದ ಸಂಗಾತಿ ದಣಿದಿದ್ದಾನೆಯೇ? ನಮ್ಮಲ್ಲಿಗೆ ಕಳಿಸಿ. ವಿಶ್ರಾಂತಿ ಕೊಟ್ಟು ಮರಳಿಸುತ್ತೇವೆ.” ಓದಿ ಮುಗಿಸುವ ಹೊತ್ತಿಗೆ ಇಬ್ಬರ ಕಣ್ಣೂ ತುಂಬಿತ್ತು.

ಅಲ್ಲಿಂದ ಅತ್ತಿಗೆಗೆ ಒಂದು ಚಟ ಹತ್ತಿತು. ಬೆಳಿಗ್ಗೆ ಅಂಗಡಿಯ ಬಾಗಿಲೆತ್ತಿದ ಕೂಡಲೇ ಫೋನು ತೆಗೆದು ಬ್ಯಾಗಿನ ಅಂಗಡಿ ಎಂದು ಹುಡುಕುವುದು. ಹುಡುಕಿದರೆ ತಮ್ಮದೇ ಮೊದಲು! ಎಲ್ಲಕ್ಕಿಂತ ಮೇಲೆ, ರಾಣಿಯ ಹಾಗೆ! “ನೋಡೋ, ಇವತ್ತೂ ನಾವೇ ಮೊದಲು,” ಎಂದು ಮೈದುನನ ಮೂಗಿನ ಕೆಳಗೆ ಹಿಡಿಯುವಳು. ಅವನು ನೋಡಿ, “ಹೂಂ, ರಾಜ್ಯ ಸಿಕ್ತು. ಪ್ರಜೆಗಳೆಲ್ಲಿ?” ಎಂದು ಮತ್ತೆ ಮೇಜು ಒರೆಸುವನು.

ವ್ಯಾಪಾರಿಗಳ ಸಂಘದ ಸಭಾಂಗಣದಲ್ಲಿ, ಅಂಗಡಿ ಫೋನಿನಲ್ಲಿ ಕಾಣುವಂತೆ ಮಾಡುವ ಪಾಠವಿದೆ ಎಂದು ತಿಳಿದಾಗ ಅವಳು ಹೋದದ್ದು ಆ ‘ಪ್ರಜೆಗಳೆಲ್ಲಿ’ಗೆ ಉತ್ತರ ಕೇಳಲು. ಪ್ಲಾಸ್ಟಿಕ್ ಕುರ್ಚಿಗಳು, ತಿರುಗಲೋ ಬೇಡವೋ ಎನ್ನುವ ಫ್ಯಾನು, ತೂಕಡಿಸುವ ಬೀಗದವನು, ಹೂವಿನವಳು, ಕನ್ನಡಕದವನು. ಪಾಠ ಹೇಳಲು ಬಂದ ಕಂಪ್ಯೂಟರ್ ಮೇಡಂ ಚಿಕ್ಕವಳೇ. ಇದೇ ಪಾಠವನ್ನು ಸಂಘದಿಂದ ಸಂಘಕ್ಕೆ ಹೇಳಿ ಹೇಳಿ ಅವಳ ದನಿ ಕೂತಿತ್ತು. ಅಂಗಡಿ ತೆರೆಯುವ ಹೊತ್ತು ಸರಿಯಾಗಿ ಹಾಕಿ, ಮ್ಯಾಪಿನಲ್ಲಿ ನಿಮ್ಮ ಬಾಗಿಲಿಗೇ ಗುರುತು ಹಾಕಿ, ಪಕ್ಕದ ಬೀದಿಗಲ್ಲ, ಗಿರಾಕಿಗೆ ಖುಷಿಯಾದರೆ ಎರಡು ಸಾಲು ಬರೆಯಿರಿ ಅಂತ ಕೇಳಿ, ಎಂದೆಲ್ಲ ಹೇಳಿದಳು. ಅತ್ತಿಗೆ ಕೈಯೆತ್ತಿದಳು.

“ನಮ್ಮದು ಎಲ್ಲಕ್ಕಿಂತ ಮೊದಲು ಬರತ್ತೆ ಮೇಡಂ. ಆದ್ರೆ ಯಾರೂ ಬರಲ್ಲ.”

“ಯಾರ ಫೋನಿನಲ್ಲಿ ಮೊದಲು ಬರತ್ತೆ?”

“ನನ್ನದರಲ್ಲೇ. ದಿನಾ ನೋಡ್ತೀನಿ.”

ಮೇಡಂ ನಗಲಿಲ್ಲ. ಅದಕ್ಕೇ ಅತ್ತಿಗೆಗೆ ಹೆದರಿಕೆಯಾಯಿತು. “ದಿನಾ ನೀವು ಅದನ್ನೇ ಹುಡುಕಿ ಅದನ್ನೇ ತೆಗೀತೀರಿ. ಫೋನಿಗೆ ನಿಮ್ಮ ಇಷ್ಟ ಗೊತ್ತಾಗಿಬಿಟ್ಟಿದೆ, ನಿಮಗೆ ಬೇಕಾದ್ದನ್ನೇ ಮುಂದೆ ಇಡತ್ತೆ. ಬೇರೆಯವರ ಫೋನಿಗೆ ಆ ದಾಕ್ಷಿಣ್ಯ ಇಲ್ಲ.” ತನ್ನ ಫೋನನ್ನು ಅವಳ ಕೈಗಿಟ್ಟಳು. “ಇದರಲ್ಲಿ ಹುಡುಕಿ. ಪ್ರಯಾಣದ ಹಿಂದಿನ ಸಂಜೆ ನಿಮ್ಮ ಬ್ಯಾಗು ಕೈಕೊಟ್ಟಿದೆ. ಏನಂತ ಬರೀತೀರಿ?”

ಅತ್ತಿಗೆಯ ಬೆರಳು ಗಾಳಿಯಲ್ಲೇ ನಿಂತಿತು. ಬರೆಯಬೇಕಾದದ್ದು ಅವಳ ನಾಲಿಗೆಗೆ ಬಂದು, ಅಭ್ಯಾಸದಿಂದ ವಾಪಸು ಹೋಯಿತು. ಕೊನೆಗೆ ಪಕ್ಕದ ಹೂವಿನವಳೇ ಫೋನು ಕಿತ್ತುಕೊಂಡು, “ಇದಕ್ಕೇನು ಶಾಸ್ತ್ರ ಕೇಳ್ಬೇಕಾ, ‘ಬ್ಯಾಗ್ ಜಿಪ್ ಹರಿದಿದೆ, ಎಲ್ಲಿ ರಿಪೇರಿ’ ಅಂತ,” ಎಂದು ಒತ್ತಿದಳು. ಅಂಗಡಿಗಳು ಸಾಲುಗಟ್ಟಿ ಬಂದವು. ಅತ್ತಿಗೆ ಪರದೆ ಎಳೆದಳು, ಎಳೆದಳು, ಮುಂದಿನ ಪುಟ, ಅದರ ಮುಂದಿನದು. ತಮ್ಮದು ಎಲ್ಲೂ ಇರಲಿಲ್ಲ.

“ನಿಮ್ಮ ಪುಟದಲ್ಲಿ ಆ ಮಾತು ಒಂದಾದರೂ ಇದೆಯಾ?” ಎಂದಳು ಮೇಡಂ, ಅಂಗಡಿಯ ಪುಟ ನೋಡುತ್ತಾ. “ಚೆನ್ನಾಗಿ ಬರೆದಿದ್ದೀರಿ. ಆದರೆ ಕಷ್ಟದಲ್ಲಿರೋರು ಕಷ್ಟವನ್ನ ಅದರ ಹೆಸರು ಹಿಡಿದೇ ಕರೀತಾರೆ. ಆ ಹೆಸರು ನಿಮ್ಮಲ್ಲಿ ಇರಬೇಕು. ಇನ್ನೊಂದು ಹೇಳ್ತೀನಿ, ಬೇಜಾರಾಗಬೇಡಿ. ಇವತ್ತು ಬದಲಾಯಿಸಿದರೆ ನಾಳೆಯೇ ಗಿರಾಕಿ ಬರಲ್ಲ. ಸರ್ಚಿಗೆ ನಿಮ್ಮ ಗುರುತು ಹತ್ತೋಕೆ ತಿಂಗಳುಗಳು ಬೇಕು.”

ತಿಂಗಳುಗಳು. ಮೈದುನ ಕೊಟ್ಟದ್ದು ಒಂದೇ, ಅದರಲ್ಲೂ ಅರ್ಧ ಮುಗಿದಿತ್ತು.

ಅಂಗಡಿಗೆ ಮರಳಿ ಅವಳು ಸೂಜಿಯಮ್ಮನ ಪಕ್ಕದಲ್ಲಿ ಕುಳಿತಳು. ಮುದುಕಿ ಹಳೆಯ ಚೀಲವೊಂದರ ದಾರ ಎಳೆಯುತ್ತಿದ್ದಳು. ಹೇಳದೆ ವಿಧಿಯಿರಲಿಲ್ಲ.

“ಅತ್ತೆ, ಆ ಮಾತುಗಳನ್ನ ಬರೀಬೇಕಂತೆ. ಇಲ್ದಿದ್ರೆ ನಾವಿದ್ದೀವಿ ಅಂತಲೇ ಯಾರಿಗೂ ಗೊತ್ತಾಗಲ್ವಂತೆ.”

“ಯಾವ ಮಾತು?”

“ಅದೇ. ನೀವು ಬೇಡ ಅಂತೀರಲ್ಲ.”

ಸೂಜಿಯಮ್ಮನ ಕೈ ನಿಂತಿತು. ಮೈದುನ ಮೂಲೆಯಿಂದ, “ಅಮ್ಮ, ಮುರಿಯೋದು ಇನ್ನೇನು ಉಳಿದಿದೆ ಇಲ್ಲಿ? ಬರ್‍ಕೊಳ್ಳಲಿ ಬಿಡು,” ಅಂದ. ಮುದುಕಿ ಮಗನನ್ನು ನೋಡಿದಳು. ಬ್ಯಾಗು ತೂಗುಹಾಕುವ ಗೋಡೆಯ ಕೊಕ್ಕೆಗಳು ಖಾಲಿಯಿದ್ದದ್ದನ್ನು ನೋಡಿದಳು. ಬೈಯುತ್ತಾಳೆಂದು ಅತ್ತಿಗೆ ತಲೆ ತಗ್ಗಿಸಿದಳು.

“ಬರ್‍ಕೋ,” ಎಂದಳು ಸೂಜಿಯಮ್ಮ. “ಜಿಪ್ಪು ಹಲ್ಲು ಕಿರಿದದ್ದು. ಜಿಪ್ಪು ಕಚ್ಚಿಕೊಂಡದ್ದು. ಪಟ್ಟಿ ಕಿತ್ತುಬಂದದ್ದು. ತಳ ಹರಿದದ್ದು. ಇಲಿ ಕಡಿದದ್ದು. ಹಿಡಿ ಮುರಿದದ್ದು. ಎಳೆದರೆ ಹಿಡಿ ಮೇಲೆ ಬಾರದ್ದು, ಬಂದರೆ ಕೆಳಗೆ ಹೋಗದ್ದು. ಗಾಲಿ ಸವೆದದ್ದು, ಗಾಲಿ ಬಿದ್ದದ್ದು, ಒಂದು ಗಾಲಿ ಇದ್ದು ಒಂದು ಇಲ್ಲದ್ದು. ಬೀಗದ ಕೈ ಕಳೆದದ್ದು. ಒಳಗಿನ ಅಸ್ತರು ಬಟ್ಟೆ ಚಿಂದಿಯಾದದ್ದು…” ಹೇಳುತ್ತಾ ಹೋದಂತೆ ಅವಳ ಮುಖಕ್ಕೆ ಬಣ್ಣ ಬಂತು. ಅಷ್ಟು ವರ್ಷ ಬಾಯೊಳಗೇ ಅರೆದಿಟ್ಟುಕೊಂಡದ್ದೆಲ್ಲ ನೀರಿನಂತೆ ಹರಿಯಿತು. “ಮಗು ಸಿಟ್ಟಿನಿಂದ ಕತ್ತರಿಯಲ್ಲಿ ಕತ್ತರಿಸಿದ್ದು, ಅದನ್ನೂ ಹಾಕು. ಅಂಥದ್ದೂ ಒಂದು ಬಂದಿತ್ತು.”

“ನಿಧಾನ ಅತ್ತೆ, ಕೈ ಓಡ್ತಿಲ್ಲ.”

“ನನ್ನ ಬಾಯಿ ಈಗ ಓಡ್ತಿದೆ, ನೀನು ಹಿಡ್ಕೋ!”

ಮೈದುನ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕ. ಆ ನಗು ಕೇಳಿ, ಇವನು ಉಳಿದೇ ಉಳಿಯುತ್ತಾನೆ ಎಂದು ಅತ್ತಿಗೆಗೆ ಒಂದು ಗಳಿಗೆ ಅನ್ನಿಸಿಬಿಟ್ಟಿತು.

ತಿಂಗಳು ಮುಗಿಯಿತು. ಯಾರೂ ಬರಲಿಲ್ಲ. ಮೈದುನ ತನ್ನ ಸುತ್ತಿಗೆ, ಇಕ್ಕಳ, ಉಳಿಗಳಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಮೇಜಿನ ಕೆಳಗಿಟ್ಟು, ಗೋದಾಮಿನ ಬಸ್ಸು ಹತ್ತಿದ. ಮಾತು ಕೊಟ್ಟಂತೆ ಇದ್ದ, ಮಾತು ಕೊಟ್ಟಂತೆ ಹೋದ. ತಪ್ಪು ಹುಡುಕಲು ಜಾಗವಿರಲಿಲ್ಲ.

ಅತ್ತಿಗೆ ಬಾಗಿಲು ಮಾತ್ರ ಹಾಕಲಿಲ್ಲ. ಹಟದಿಂದಲ್ಲ, ಹಾಕುವುದಕ್ಕೂ ಒಂದು ತ್ರಾಣ ಬೇಕಲ್ಲ. ತನ್ನ ಫೋನಿನಲ್ಲಿ ಅಂಗಡಿ ಹುಡುಕುವುದನ್ನು ಬಿಟ್ಟಳು. ಮೇಡಂ ಹೇಳಿದ ಪಾಠವನ್ನು, ಬಿಡುವಿದ್ದಾಗ ಒಂದು, ಬಿಡುವಿದ್ದಾಗ ಒಂದು, ಮಾಡುತ್ತಾ ಹೋದಳು. ಮ್ಯಾಪಿನ ಗುರುತನ್ನು ಸರಿಸಿದಳು. ಹೊಲಿಗೆಗೆ ಮೊದಲಿನದೊಂದು ಚಿತ್ರ, ಆಮೇಲಿನದೊಂದು ಚಿತ್ರ ಹಾಕಿದಳು. ಪಕ್ಕದ ಮನೆಯ ಹುಡುಗಿಯ ಚೀಲ ಹೊಲಿದುಕೊಟ್ಟು, “ಎರಡು ಸಾಲು ಬರಿಯಮ್ಮಾ,” ಎಂದು ನಾಚಿಕೆ ಬಿಟ್ಟು ಕೇಳಿದಳು.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಫೋನು ಬಂತು. “ಪಟ್ಟಿ ಕಿತ್ತುಬಂದಿದೆ, ಮಾಡ್ತೀರಂತಲ್ಲ?” ಯಾರೋ ಗುರುತಿಲ್ಲದ ದನಿ. ಇನ್ನೊಂದು ದಿನ ಜಿಪ್ಪು ಕಚ್ಚಿಕೊಂಡ ಬ್ಯಾಗಿನವಳೊಬ್ಬಳು ಬಂದಳು. ಹೀಗೆ ತೊಟ್ಟು ತೊಟ್ಟಾಗಿ. ಹೊಲಿಗೆಯದನ್ನು ಅತ್ತಿಗೆ ತಾನೇ ಮಾಡಿದಳು. ಆದರೆ ಬಂದವರಲ್ಲಿ ಹೆಚ್ಚಿನವರು ಎಳೆದು ತಂದದ್ದು ಸೂಟ್‌ಕೇಸುಗಳನ್ನು. “ಒಂದು ಗಾಲಿ ಇದ್ದು ಒಂದು ಇಲ್ಲದ್ದು ಅಂತ ಹಾಕಿದ್ರಲ್ಲ, ನಂದು ಥೇಟ್ ಹಾಗೇ ನೋಡಿ!” ಎಂದು ಸಂತೋಷದಿಂದ ನಿಂತವನಿಗೆ, ಗಾಲಿ ಹಾಕುವ ಕೈ ಈಗ ನಮ್ಮಲ್ಲಿಲ್ಲ ಎಂದು ಅವಳು ಹೇಳಬೇಕಾಯಿತು. ಅವನು ಆ ಕುಂಟು ಸೂಟ್‌ಕೇಸನ್ನು ಬೀದಿಯುದ್ದಕ್ಕೂ ಕೆರೆಸಿಕೊಂಡು ವಾಪಸು ಹೋದ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಅವತ್ತು ಸಂಜೆ ಮೈದುನ ಗೋದಾಮಿನಿಂದ ನೇರ ಅಂಗಡಿಗೇ ಬಂದ. ಗೋದಾಮಿನ ಹೆಸರಿನ ಚೀಟಿ ಅಂಟಿಸಿದ ಅಂಗಿ, ಧೂಳು ತುಂಬಿದ ಹುಬ್ಬು. ಗೋಡೆಗೊರಗಿ ಕುಳಿತು ಕಾಲು ಚಾಚಿದ.

“ಗಾಲಿ, ಹಿಡಿ ಎಲ್ಲ ಪುಟದಿಂದ ತೆಗೀತೀನಿ,” ಎಂದಳು ಅತ್ತಿಗೆ. “ಇಲ್ಲದ್ದನ್ನ ಇದೆ ಅಂತ ಬರೆದು ಜನರನ್ನ ಯಾಕೆ ನಡೆಸೋದು.”

“ಕೇಳ್ಕೊಂಡು ಬರ್ತಿದ್ದಾರಾ?”

“ಬರ್ತಿದ್ದಾರೆ.”

ಅವನು ಕಣ್ಣು ಮುಚ್ಚಿಕೊಂಡೇ ನಕ್ಕ. “ಅಲ್ಲಿ ದಿನವಿಡೀ ಡಬ್ಬ ಎತ್ತಿಡ್ತೀನಿ ಅತ್ತಿಗೆ. ಒಳಗೇನಿದೆ ಅಂತ ಒಂದರದ್ದೂ ಗೊತ್ತಿಲ್ಲ.” ಹುಬ್ಬಿನ ಧೂಳು ಒರೆಸಿಕೊಂಡ. “ತೆಗೀಬೇಡಿ. ಭಾನುವಾರ ಅಂತ ಹಾಕಿ.”

“ನಿನಗೆ ಬಿಡುವು ಅಂತ ಇರೋದೇ ಅದೊಂದು ದಿನ ಕಣೋ.”

“ಹಾಕಿ ಅಂದ್ನಲ್ಲ. ಬೆಳಿಗ್ಗೆ ಮಾತ್ರ ಹಾಕ್ಬೇಡಿ. ಮಲಗಬೇಕು ನಾನು.”

ಸೂಜಿಯಮ್ಮ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ಅತ್ತಿಗೆ ಬರೆದಳು: “ಗಾಲಿ, ಹಿಡಿ, ಬೀಗದ ಕೆಲಸ ಭಾನುವಾರ ಮಧ್ಯಾಹ್ನದ ಮೇಲೆ ಮಾತ್ರ.” ಸರಿಯಾ ಎಂದು ಕೇಳಲು ತಲೆಯೆತ್ತಿದರೆ ಮೈದುನ ಕುಳಿತಲ್ಲೇ ನಿದ್ದೆಹೋಗಿದ್ದ, ಬಾಯಿ ಅರ್ಧ ತೆರೆದು, ಕೈ ನೆಲದ ಮೇಲೆ ಅಂಗಾತ ಬಿದ್ದು. ನಿಜವಾಗಿ ಒಪ್ಪಿ ಹೇಳಿದನೋ, ತನ್ನ ಬಾಡಿದ ಮುಖ ನೋಡಲಾರದೆ ಹೇಳಿದನೋ? ಕೇಳಬೇಕೆಂದರೆ ಎಬ್ಬಿಸಬೇಕಿತ್ತು.

ಅವಳು ಎಬ್ಬಿಸಲಿಲ್ಲ. ಬರೆದದ್ದನ್ನು ಪುಟಕ್ಕೇರಿಸುವ ಗುಂಡಿ ಒತ್ತಿದಳು.